ನಾಲ್ಕರಲ್ಲಿ ಮೂರು ಪಾಲು ಬೆಳಕು ಎಲ್ಲಿ ಹೋಗುತ್ತಿತ್ತು?

ನಿಮ್ಮ ಫೋನಿನ ಡಬ್ಬಿಯ ಮೇಲೆ ಅಮೋಲೆಡ್ ಅಂತ ಬರೆದಿದ್ದರೆ ಆ ಪರದೆಯೊಳಗೆ ಇರಿಡಿಯಂ ಎಂಬ ಅಪರೂಪದ ಲೋಹ ಇದೆ ಎಂದೇ ತಿಳಿಯಿರಿ. ಕಣ್ಣಿಗೆ ಕಾಣುವಷ್ಟಲ್ಲ, ಬಿಡಿ. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಎಲ್‌ಸಿಡಿ. ಅದರಲ್ಲಿ ಪರದೆಯ ಹಿಂದೆ ದೀಪ ಉರಿಯುತ್ತದೆ. ಓಲೆಡ್ ಜಾತಿಯ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ.

ಈ ಪರದೆಯ ಬೇರು ಇರುವುದು ಅಮೆರಿಕದ ರಾಚೆಸ್ಟರ್‌ನಲ್ಲಿ, ಫೋಟೊ ರೀಲು ಮಾಡುತ್ತಿದ್ದ ಕೊಡಕ್ ಕಂಪನಿಯಲ್ಲಿ. ಅಲ್ಲಿ ಚಿಂಗ್ ಟ್ಯಾಂಗ್ ಎಂಬ ವಿಜ್ಞಾನಿ ಇಂಗಾಲದ ಸಂಯುಕ್ತಗಳಿಂದ ಸೋಲಾರ್ ಸೆಲ್ ಮಾಡುತ್ತಿದ್ದರು. ಬೆಳಕು ಬಿದ್ದರೆ ಕರೆಂಟು ಬರುವುದಾದರೆ, ಕರೆಂಟು ಕೊಟ್ಟರೆ ಬೆಳಕು ಯಾಕೆ ಬರಬಾರದು? 1987ರಲ್ಲಿ ಅವರು ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅದನ್ನು ಮಾಡಿ ತೋರಿಸಿದರು. ಒಂದು ಅಲ್ಯೂಮಿನಿಯಂ ಪರಮಾಣುವನ್ನು ಮೂರು ಇಂಗಾಲದ ಅಣುಗಳು ಸುತ್ತುವರಿದು ಹಿಡಿದಿರುವ ಸಂಯುಕ್ತ ಅದು. 1960ರ ದಶಕದ ಪ್ರಯೋಗಗಳಿಗೆ ನೂರಾರು ವೋಲ್ಟ್ ಬೇಕಿತ್ತು. ಇದು 10 ವೋಲ್ಟಿಗಿಂತ ಕಡಿಮೆಯಲ್ಲೇ ಹಸಿರಾಗಿ ಬೆಳಗಿತು.

ಆದರೆ ಸೋರಿಕೆಯಿತ್ತು. ಕರೆಂಟಿನಿಂದ ಚುರುಕಾದ ನಾಲ್ಕು ಅಣುಗಳಲ್ಲಿ ಸುಮಾರು ಒಂದು ಮಾತ್ರ ಬೆಳಕು ಕೊಡುತ್ತಿತ್ತು. ಉಳಿದ ಮೂರರ ಶಕ್ತಿ ಬಿಸಿಯಾಗಿ ಹೋಗುತ್ತಿತ್ತು. ನಾಲ್ಕು ಕೊಡ ನೀರು ಸೇದಿ ಮೂರನ್ನು ದಾರಿಯಲ್ಲೇ ಚೆಲ್ಲಿದ ಹಾಗೆ. ಇದು ಕೆಲಸಗಾರಿಕೆಯ ದೋಷವಲ್ಲ. ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣ ಆ ಮೂರಕ್ಕೆ ಬೆಳಕಿನ ಬಾಗಿಲು ಮುಚ್ಚಿತ್ತು.

ಬಾಗಿಲು ತೆರೆದದ್ದು ಭಾರದ ಲೋಹ. ಇಂಥ ಪರಮಾಣು ಅಣುವಿನ ನಡುವೆ ಕೂತರೆ ಸ್ಪಿನ್ನಿನ ಆ ಕಟ್ಟುಪಾಡು ಸಡಿಲವಾಗುತ್ತದೆ. 1998ರಲ್ಲಿ ಪ್ರಿನ್ಸ್‌ಟನ್‌ನ ಸ್ಟೀಫನ್ ಫಾರೆಸ್ಟ್, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಥಾಂಪ್ಸನ್ ಮತ್ತು ಜೊತೆಗಾರರು ಪ್ಲಾಟಿನಂ ಸಂಯುಕ್ತದಿಂದ ಕೆಂಪು ಬೆಳಕು ತೆಗೆದರು. ಮರುವರ್ಷ ಇರಿಡಿಯಂನಿಂದ ಹಸಿರು. ಚೆಲ್ಲಿ ಹೋಗುತ್ತಿದ್ದ ಮೂರು ಕೊಡವೂ ಕೈಗೆ ಸಿಗುವ ದಾರಿ ತೆರೆಯಿತು.

ಇರಿಡಿಯಂ ಸಿಕ್ಕಿದ್ದು 1803ರಲ್ಲಿ, ಪ್ಲಾಟಿನಂ ಕರಗಿಸಿದಾಗ ಉಳಿದ ಕಪ್ಪು ಚರಟದಲ್ಲಿ. ಅದರ ಲವಣಗಳ ಬಣ್ಣ ನೋಡಿ ಸ್ಮಿತ್‌ಸನ್ ಟೆನಂಟ್ ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರಿಟ್ಟರು. ಇಂದಿಗೂ ಇದು ಹೆಚ್ಚಾಗಿ ಬರುವುದು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ. ಇತ್ತ ಕೊಡಕ್ 2009ರಲ್ಲಿ ಓಲೆಡ್ ವ್ಯವಹಾರವನ್ನು ಎಲ್‌ಜಿಗೆ ಮಾರಿತು, 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ನೀಲಿ ಮಾತ್ರ ಇನ್ನೂ ಕಾಡುತ್ತಿದೆ. ನೀಲಿ ಬೆಳಕಿಗೆ ಬೇಕಾದ ಹೆಚ್ಚಿನ ಶಕ್ತಿ ಅಣುವನ್ನೇ ಒಡೆಯುತ್ತದೆ, ಹಾಗಾಗಿ ಭಾರದ ಲೋಹದ ನೀಲಿ ಬೇಗ ಸವೆಯುತ್ತದೆ. ಅದಕ್ಕೇ ಬಹುತೇಕ ಫೋನುಗಳಲ್ಲಿ ಕೆಂಪು, ಹಸಿರು ಇರಿಡಿಯಂನದು, ನೀಲಿ ಹಳೆಯ ಸೋರಿಕೆಯ ಜಾತಿಯದು. ಬಿಳಿ ಪುಟ ತೆರೆದರೆ ಆ ನೀಲಿಯೂ ಉರಿಯಲೇಬೇಕು; ಬ್ಯಾಟರಿ ಇಳಿಯುವುದರಲ್ಲಿ ಅದರ ಪಾಲು ದೊಡ್ಡದು.