ಪರೀಕ್ಷೆ ಒಂದೇ, ಸೆಟ್ಟಿಂಗ್ ಹಲವು: ತಂತ್ರಾಂಶ ತಪಾಸಣೆಯ ಮುಖ್ಯ ಕ್ರಮ

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರು ಕೇಂದ್ರದಿಂದ ತನ್ನ ಚೊಚ್ಚಲ ಹಾರಾಟಕ್ಕೆ ಮೇಲೇರಿದ ಯುರೋಪಿನ ಏರಿಯನ್-5 ರಾಕೆಟ್ಟು, ಸುಮಾರು 40 ಸೆಕೆಂಡುಗಳಲ್ಲಿ ಪಥ ತಪ್ಪಿ ಆಕಾಶದಲ್ಲೇ ಸಿಡಿಯಿತು. ಅದರೊಡನೆ ಕ್ಲಸ್ಟರ್ ಯೋಜನೆಯ ನಾಲ್ಕು ಉಪಗ್ರಹಗಳೂ ನಾಶವಾದವು. ತನಿಖಾ ಮಂಡಳಿಯು ದೋಷವನ್ನು ರಾಕೆಟ್ಟಿನ ಪಥನಿರ್ದೇಶನ ವ್ಯವಸ್ಥೆಯ ತಂತ್ರಾಂಶದಲ್ಲಿ ಗುರುತಿಸಿತು.

ಆ ತಂತ್ರಾಂಶ ಹೊಸದಾಗಿರಲಿಲ್ಲ. ಏರಿಯನ್-4ರಲ್ಲಿ ಯಶಸ್ವಿಯಾಗಿ ಕೆಲಸ ಮಾಡಿದ್ದನ್ನೇ ಇಲ್ಲಿಯೂ ಅಳವಡಿಸಲಾಗಿತ್ತು. ಆದರೆ ಏರಿಯನ್-5ರ ಸಮತಲ ವೇಗ ಹಿಂದಿನದಕ್ಕಿಂತ ಬಹಳ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿ ಪರಿವರ್ತಿಸುವಾಗ ಅದು 32,767 ಎಂಬ ಮಿತಿಯನ್ನು ಮೀರಿತು. ಬದಲಿಯಾಗಿ ಇರಿಸಿದ್ದ ಎರಡನೆಯ ಘಟಕದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ಕೈಕೊಟ್ಟಿತು. ಹೊಸ ರಾಕೆಟ್ಟಿನ ಪಥದ ಅಂಕಿ-ಅಂಶ ಕೊಟ್ಟು ಈ ವ್ಯವಸ್ಥೆಯನ್ನು ಪರೀಕ್ಷಿಸಿರಲೇ ಇಲ್ಲ. ಪರೀಕ್ಷಿಸಿದ್ದರೆ ದೋಷ ನೆಲದ ಮೇಲೆಯೇ ಬಯಲಾಗುತ್ತಿತ್ತು ಎಂದು ಮಂಡಳಿ ಹೇಳಿತು.

ಕೋಡ್ ಬದಲಾಗದಿದ್ದರೂ ಅದು ಕೆಲಸ ಮಾಡುವ ಸನ್ನಿವೇಶ ಬದಲಾದರೆ ಪರೀಕ್ಷೆ ಮತ್ತೆ ನಡೆಯಬೇಕು. ಪ್ರತಿಸಲ ಹೊಸ ಪರೀಕ್ಷೆ ಬರೆಯದೆ, ಇರುವುದನ್ನೇ ಬೇರೆ ಬೇರೆ ಸೆಟ್ಟಿಂಗ್‌ಗಳಲ್ಲಿ ನಡೆಸುವ ವಿಧಾನ ಇಂದು ತಂತ್ರಾಂಶ ವಲಯದಲ್ಲಿ ಸಾಕಷ್ಟು ರೂಢಿಯಲ್ಲಿದೆ.

ಏನಿದು ಘಟಕ ಪರೀಕ್ಷೆ?: ತಂತ್ರಾಂಶದ ಒಂದು ಸಣ್ಣ ಭಾಗಕ್ಕೆ ನಿರ್ದಿಷ್ಟ ಮಾಹಿತಿ ಕೊಟ್ಟು, ನಿರೀಕ್ಷಿತ ಉತ್ತರ ಬಂದಿತೇ ಎಂದು ಯಂತ್ರವೇ ನೋಡುವುದು ಯೂನಿಟ್ ಟೆಸ್ಟ್ ಅಥವಾ ಘಟಕ ಪರೀಕ್ಷೆ. ಜಾವಾ ಭಾಷೆಗೆಂದು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೊರಟ ವಿಮಾನದಲ್ಲಿ ಕುಳಿತು ಬರೆಯಲಾರಂಭಿಸಿದ ಜೆಯೂನಿಟ್ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಒಂದು ತಂತ್ರಾಂಶ ಮೂರು ಬಗೆಯ ಡೇಟಾಬೇಸ್‌ಗಳೊಡನೆ ಕೆಲಸ ಮಾಡಬೇಕು, ಅದಕ್ಕೆ 200 ಪರೀಕ್ಷೆಗಳಿವೆ ಎಂದಿಟ್ಟುಕೊಳ್ಳೋಣ. ಅವಸರದಲ್ಲಿರುವ ತಂಡ ಅವನ್ನು ನಕಲು ಮಾಡಿ 600 ಮಾಡುತ್ತದೆ. ಆರು ತಿಂಗಳ ನಂತರ ಒಂದು ನಿಯಮ ಬದಲಾದಾಗ ಎರಡು ಕಡೆ ತಿದ್ದಿ ಮೂರನೆಯದನ್ನು ಮರೆಯುವುದು ಬಹುತೇಕ ಖಚಿತ. ಪರೀಕ್ಷೆಯ ತಿರುಳನ್ನು ಒಂದೆಡೆ ಇರಿಸಿ, ಸೆಟ್ಟಿಂಗನ್ನು ಹೊರಗಿನಿಂದ ಕೊಡುವುದು ಸರಿಯಾದ ದಾರಿ. 2006ರಲ್ಲಿ ಬಂದ ಜೆಯೂನಿಟ್-4 ಇದಕ್ಕೆ ನೇರ ಅವಕಾಶ ಒದಗಿಸಿತು. ಪೈಥಾನ್ ಭಾಷೆಯ ಪೈಟೆಸ್ಟ್‌ನಲ್ಲೂ ಈ ಸೌಲಭ್ಯವಿದೆ.

ಇದಕ್ಕೆ ಮೂಲ ತಂತ್ರಾಂಶವೂ ಸಹಕರಿಸಬೇಕು. ಕೋಡ್‌ನ ನಟ್ಟನಡುವೆ ಸೆಟ್ಟಿಂಗ್ ಕಡತವನ್ನು ತೆರೆದು ಓದುವ ಅಭ್ಯಾಸವಿದ್ದಲ್ಲಿ ಹೊರಗಿನಿಂದ ಬದಲಿಸುವುದು ಕಷ್ಟ. ಒಂದು ಸುತ್ತಿನ ಸೆಟ್ಟಿಂಗ್ ಮುಂದಿನ ಸುತ್ತಿಗೆ ಉಳಿದುಬಿಟ್ಟರೆ ಫಲಿತಾಂಶವನ್ನು ನಂಬುವಂತಿಲ್ಲ. ವರದಿಯಲ್ಲಿ ಪರೀಕ್ಷೆಯ ಹೆಸರಿನೊಡನೆ ಸೆಟ್ಟಿಂಗ್‌ನ ಹೆಸರೂ ಕಾಣಬೇಕು.

ಟರ್ಕಿಯ 'ಐ': ಭಾಷೆಯ ಸೆಟ್ಟಿಂಗ್ ತರುವ ತೊಂದರೆ ಪ್ರೋಗ್ರಾಮರುಗಳಿಗೆ ಚಿರಪರಿಚಿತ. ಟರ್ಕಿ ಭಾಷೆಯಲ್ಲಿ 'ಐ' ಎಂಬ ದೊಡ್ಡಕ್ಷರವನ್ನು ಸಣ್ಣಕ್ಷರ ಮಾಡಿದರೆ ಮೇಲೆ ಚುಕ್ಕಿಯಿಲ್ಲದ ಬೇರೆಯೇ ಅಕ್ಷರ ಬರುತ್ತದೆ. ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ ತೇರ್ಗಡೆಯಾದ ಪರೀಕ್ಷೆ ಅಲ್ಲಿ ಸೋಲುತ್ತದೆ. ಕಾಲಮಾನವೂ ಹಾಗೆಯೇ: ಭಾರತದ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದು, ನೇಪಾಳದ್ದು ಐದೂಮುಕ್ಕಾಲು. ಪೂರ್ಣ ಗಂಟೆಗಳ ಲೆಕ್ಕದಲ್ಲೇ ಬರೆದ ಕೋಡ್ ಇಲ್ಲಿ ಎಡವುತ್ತದೆ.

ಸೆಟ್ಟಿಂಗ್‌ಗಳು ಹೆಚ್ಚಿದಂತೆ ಸಂಯೋಜನೆಗಳೂ ಬೆಳೆಯುತ್ತವೆ. ನಾಲ್ಕು ಭಾಷೆ, ಮೂರು ಡೇಟಾಬೇಸ್, ಮೂರು ಕಾಲಮಾನ, ಎರಡು ಕಾರ್ಯಾಚರಣೆ ವ್ಯವಸ್ಥೆ ಎಂದರೆ 72 ಸುತ್ತು. ಯಾವುದೇ ಎರಡು ಸೆಟ್ಟಿಂಗ್‌ಗಳ ಪ್ರತಿಯೊಂದು ಜೋಡಿಯೂ ಒಮ್ಮೆಯಾದರೂ ಬರುವಂತೆ ಆರಿಸಿದರೆ 12 ಸುತ್ತುಗಳೇ ಸಾಕು. ಹೆಚ್ಚಿನ ದೋಷಗಳು ಒಂದೆರಡು ಅಂಶಗಳ ಕೂಡುವಿಕೆಯಿಂದಲೇ ಹೊರಬೀಳುತ್ತವೆ ಎಂಬುದನ್ನು ಅಮೆರಿಕದ ನಿಸ್ಟ್ ಸಂಸ್ಥೆಯ ಸಂಶೋಧಕರ ಅಧ್ಯಯನಗಳು ತೋರಿಸಿವೆ. ಆದರೆ ಮೂರು ಅಂಶ ಸೇರಿದಾಗ ಮಾತ್ರ ಕಾಣುವ ದೋಷ ಈ ಜಾಲದಿಂದ ನುಸುಳಬಹುದು. ಜೀವಕ್ಕೆ ಸಂಬಂಧಿಸಿದ ಉಪಕರಣಗಳಲ್ಲಿ ಈ ಉಳಿತಾಯ ಸಲ್ಲದು.

ಮೊಬೈಲ್ ಫೋನುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಪರೀಕ್ಷಾ ಕೋಡ್, 2023ರ ಆವೃತ್ತಿಯ ಲೆಕ್ಕದಂತೆ, ಮೂಲ ಕೋಡ್‌ನ ಸುಮಾರು 590 ಪಟ್ಟು ಇತ್ತು. ಅಲ್ಲಿಯೂ ಒಮ್ಮೆ ಬರೆದ ಪರೀಕ್ಷೆಗಳನ್ನೇ ಬೇರೆ ಬೇರೆ ಅಕ್ಷರ ಸಂಕೇತ ಪದ್ಧತಿ ಮತ್ತು ನಿರ್ಮಾಣ ಆಯ್ಕೆಗಳಲ್ಲಿ ಮತ್ತೆ ಮತ್ತೆ ನಡೆಸಲಾಗುತ್ತದೆ.

ಎಲ್ಲ ಪರೀಕ್ಷೆಗಳೂ ಈ ಕ್ರಮಕ್ಕೆ ಒಗ್ಗುವುದಿಲ್ಲ. ಸೆಟ್ಟಿಂಗ್ ಬದಲಾದಾಗ ಸರಿಯುತ್ತರವೇ ಬದಲಾಗುವಂತಿದ್ದರೆ, ಒಂದೇ ಪರೀಕ್ಷೆಯೊಳಗೆ 'ಹೀಗಿದ್ದರೆ ಹಾಗೆ' ಎಂಬ ಷರತ್ತುಗಳನ್ನು ತುರುಕುವ ಬದಲು ಅದಕ್ಕೆ ಪ್ರತ್ಯೇಕ ಪರೀಕ್ಷೆ ಬರೆಯುವುದೇ ಲೇಸು.