ಮೆಣಸು ಕೊಟ್ಟು ಬಂದೂಕು ತಂದ ಕಾಲ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ನಾಲ್ಕು ಮೈಸೂರು ಯುದ್ಧಗಳನ್ನು ಪ್ರೌಢಶಾಲೆಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಇಸವಿ, ಕಾರಣಗಳು, ಒಪ್ಪಂದ, ಪರಿಣಾಮಗಳು. ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಆ ಯುದ್ಧಗಳಿಗೆ ಬೇಕಾದ ಬಂದೂಕುಗಳನ್ನು ಎಲ್ಲಿಂದ ಕೊಂಡರು, ಅದರ ಬೆಲೆಯನ್ನು ಯಾವ ರೂಪದಲ್ಲಿ, ಯಾರ ಕೈಗೆ, ಯಾವಾಗ ಕೊಟ್ಟರು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನಿವೃತ್ತಿಯ ನಂತರ ಬಿಡುವಾಗಿ ಓದತೊಡಗಿದಾಗ ಈ ಪ್ರಶ್ನೆಯೇ ನನಗೆ ಹೆಚ್ಚು ರುಚಿಸಿತು. ಕಣ್ಣಿಗೆ ಕಾಣದ ದೂರದ ವ್ಯಾಪಾರಿಯಿಂದ ಆಯುಧ ಕೊಳ್ಳುವವನು ದುಡ್ಡನ್ನು ಹೇಗೆ ಕೊಟ್ಟರೆ ಕ್ಷೇಮ? ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದಲ್ಲಿ ಇದು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಹೈದರನ ಆರಂಭದ ಬಂಡವಾಳ ಕೊಳ್ಳೆಯ ಹಣ. 1750ರ ಡಿಸೆಂಬರಿನಲ್ಲಿ ನಿಜಾಮ ನಾಸಿರ್ ಜಂಗ್ ತನ್ನ ಪಾಳೆಯದಲ್ಲೇ ಕೊಲೆಯಾದಾಗ ಉಂಟಾದ ಗೊಂದಲದಲ್ಲಿ ಅವನ ಖಜಾನೆಯ ಒಂದಿಷ್ಟು ಚಿನ್ನ ಮತ್ತು ಕೆಲವು ನೂರು ಬಂದೂಕುಗಳು ಹೈದರನ ಕೈಸೇರಿದವು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಅಲ್ಲಿ ಆಯುಧಶಾಲೆ ಕಟ್ಟಿಸಿದನು. ಆದರೆ ಕೊಳ್ಳೆಯ ಹಣ ಎಷ್ಟು ದಿನ ಬಂದೀತು?

ಯೂರೋಪಿನ ಬಂದೂಕು ಬೇಕೆಂದರೆ ಕಡಲಿನ ದಾರಿ. ಮಳೆಗಾಲದಲ್ಲಿ ಕರಾವಳಿಯ ರೇವುಗಳು ಮುಚ್ಚುತ್ತಿದ್ದವು. ಇಲ್ಲಿಂದ ಹೋದ ಪತ್ರಕ್ಕೆ ಪ್ಯಾರಿಸಿನಿಂದ ಉತ್ತರ ಬರಲು ವರ್ಷವೇ ಹಿಡಿಯುತ್ತಿತ್ತು. ಸಾಹುಕಾರರ ಹುಂಡಿ ನಮ್ಮ ಪೇಟೆಗಳಲ್ಲಿ ನಡೆಯುತ್ತಿತ್ತೇ ಹೊರತು ಹಡಗಿನ ಕಪ್ತಾನನಿಗೆ ಅದರಿಂದ ಏನು ಪ್ರಯೋಜನ? ಮೊದಲೇ ಚಿನ್ನ ಕಳುಹಿಸೋಣವೆಂದರೆ ಹಡಗು ಮುಳುಗಬಹುದು, ಶತ್ರುವಿನ ಪಾಲಾಗಬಹುದು, ಮಾರುವವನೇ ಮಾತು ತಪ್ಪಬಹುದು.

ಇದಕ್ಕೆ ಮೈಸೂರು ಕಂಡುಕೊಂಡ ಉಪಾಯ ಬಹಳ ಸರಳ. ಯೂರೋಪಿಯನ್ನರು ಇಲ್ಲಿಗೆ ಬಂದದ್ದೇ ಕಾಳುಮೆಣಸು, ಗಂಧ, ಏಲಕ್ಕಿಗಳ ಆಸೆಯಿಂದ. 1763ರಲ್ಲಿ ಬಿದನೂರು, 1766ರಲ್ಲಿ ಮಲಬಾರು ಹೈದರನ ವಶವಾದ ಮೇಲೆ ಮೆಣಸಿನ ನಾಡೆಲ್ಲ ಅವನದೇ ಆಯಿತು. ರೇವಿಗೆ ಹಡಗು ಬರಲಿ, ಬಂದೂಕು ಇಳಿಯಲಿ, ಪರೀಕ್ಷೆಯಾಗಲಿ, ಆಮೇಲೆ ಮೆಣಸು ಹತ್ತಲಿ. ಎರಡೂ ಸರಕು ಒಂದೇ ದಡದಲ್ಲಿ ಎದುರುಬದುರಾಗಿ ಇರುವಾಗ ಮೋಸಕ್ಕೆ ಅವಕಾಶ ಕಡಿಮೆ. 1770ರಲ್ಲಿ ಬೊಂಬಾಯಿಯ ಇಂಗ್ಲಿಷರೊಡನೆ ಆದ ಒಪ್ಪಂದದಲ್ಲೂ ಇದೇ ಕ್ರಮ ಕಾಣುತ್ತದೆ: ಗಂಧ ಮತ್ತು ಮೆಣಸನ್ನು ಕೊಳ್ಳುವ ಹಕ್ಕು ಕಂಪನಿಗೆ, ಬೆಲೆಯ ಒಂದು ಭಾಗ ಬಂದೂಕು, ಸೀಸ, ಪೆಟ್ಲುಪ್ಪುಗಳ ರೂಪದಲ್ಲಿ, ಉಳಿದದ್ದು ನಗದು. ಹಿಂದಿನ ವರ್ಷವಷ್ಟೇ ಮದರಾಸಿನ ಬಾಗಿಲಲ್ಲಿ ನಿಂತು ಸಂಧಿಗೆ ಒಪ್ಪಿಸಿದವನಿಗೆ ಅದೇ ಕಂಪನಿಯ ಇನ್ನೊಂದು ಶಾಖೆ ಬಂದೂಕು ಮಾರಲು ಒಪ್ಪಿತೆಂಬುದು ವ್ಯಾಪಾರದ ಸ್ವಭಾವವನ್ನು ತೋರಿಸುತ್ತದೆ.

ಆದರೂ ಹೈದರನ ನಿಜವಾದ ಭರವಸೆ ಫ್ರೆಂಚರ ಮಾಹೆ. ಬಹಳ ಪುಟ್ಟ ಊರು; ಇಂದಿಗೂ ಕೇರಳದ ನಡುವೆ ಪುದುಚೇರಿಗೆ ಸೇರಿದ ತುಣುಕು. ಅವನ ಆಯುಧಗಳು ಬಂದಿಳಿಯುತ್ತಿದ್ದ ಬಾಗಿಲು ಅದು. 1779ರ ಮಾರ್ಚಿನಲ್ಲಿ ಇಂಗ್ಲಿಷರು ಅದನ್ನು ಕಿತ್ತುಕೊಂಡರು. ಎರಡನೆಯ ಮೈಸೂರು ಯುದ್ಧದ ಕಾರಣಗಳ ಪಟ್ಟಿಯಲ್ಲಿ ‘ಮಾಹೆಯ ವಶ’ ಎಂದು ಬಾಯಿಪಾಠ ಮಾಡಿದ್ದೀರಲ್ಲ, ಅಷ್ಟು ಚಿಕ್ಕ ಊರಿಗಾಗಿ ಹೈದರ್ ಏಕೆ ಕೆರಳಿದನೆಂಬುದಕ್ಕೆ ಉತ್ತರ ಇಲ್ಲಿದೆ.

ಟಿಪ್ಪು ಈ ವ್ಯಾಪಾರವನ್ನು ಸರ್ಕಾರದ ಇಲಾಖೆಯನ್ನಾಗಿಯೇ ಮಾಡಿದನು. ಮೆಣಸು, ಗಂಧ, ಏಲಕ್ಕಿಗಳ ಮಾರಾಟ ಸರ್ಕಾರದ ಏಕಸ್ವಾಮ್ಯವಾಯಿತು. ಮಸ್ಕತ್ತಿನಲ್ಲಿ ಮೈಸೂರಿನ ಕೋಠಿಯೇ ಇತ್ತು. ಅಲ್ಲಿನ ಅಧಿಕಾರಿಗೆ ಯಾವುದನ್ನು ಮಾರಬೇಕು, ಯಾವುದನ್ನು ಕೊಂಡು ಕಳುಹಿಸಬೇಕು ಎಂದು ಸುಲ್ತಾನನೇ ಬರೆದ ಪತ್ರಗಳು 1811ರಲ್ಲಿ ಕರ್ಕ್‌ಪ್ಯಾಟ್ರಿಕ್ಕನ ಇಂಗ್ಲಿಷ್ ಅನುವಾದದಲ್ಲಿ ಅಚ್ಚಾದವು. ಕೊಂಡು ತರುವುದಕ್ಕಿಂತ ಮಾಡುವವನನ್ನೇ ಕರೆತರುವುದು ಮೇಲು ಎಂಬುದು ಅವನ ಇನ್ನೊಂದು ಲೆಕ್ಕ. 1786ರಲ್ಲಿ ತದಡಿ ಬಂದರಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ರಾಯಭಾರಿಗಳ ಹಡಗುಗಳಲ್ಲಿ ದಾರಿಖರ್ಚಿಗೆ ಮಾರುವ ಸರಕೂ ಇತ್ತು, ಬಂದೂಕು ಮಾಡುವ ಕುಶಲಕರ್ಮಿಗಳನ್ನು ಕರೆತರುವ ಆಜ್ಞೆಯೂ ಇತ್ತು. ಹೋದವರಲ್ಲಿ ಹಿಂದಿರುಗಿದವರು ಕೆಲವರೇ. ಮರುವರ್ಷ ಪಾಂಡಿಚೇರಿಯಿಂದ ಹೊರಟ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ವರ್ಸೈಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳೂ ಪಿಂಗಾಣಿಯ ಉಡುಗೊರೆಗಳೂ ಸಿಕ್ಕವು. ಲೂಯಿಯ ಖಜಾನೆಯೇ ಆಗ ಬರಿದಾಗಿತ್ತು, ಪಾಪ.

1792ರ ಶ್ರೀರಂಗಪಟ್ಟಣದ ಒಪ್ಪಂದವನ್ನು ಕುರಿತು ನಾವು ಒತ್ತೆಯಿಟ್ಟ ಇಬ್ಬರು ಮಕ್ಕಳ ಕಥೆಯನ್ನು ಹೇಳುತ್ತೇವೆ, ಮೂರು ಕೋಟಿ ಮೂವತ್ತು ಲಕ್ಷದ ದಂಡವನ್ನು ಹೇಳುತ್ತೇವೆ. ಮಲಬಾರು ಕೈಬಿಟ್ಟುಹೋದದ್ದರ ಅರ್ಥವನ್ನು ಅಷ್ಟಾಗಿ ಹೇಳುವುದಿಲ್ಲ. ಮೆಣಸಿನ ಬಳ್ಳಿಗಳೊಡನೆ ಟಿಪ್ಪುವಿನ ಸುರಕ್ಷಿತವಾದ ನಾಣ್ಯವೇ ಹೋಯಿತು. ಇನ್ನು ಮುಂದೆ ಅವನು ಬರಿಯ ಮಾತನ್ನು ನಂಬಬೇಕಾದ ಸ್ಥಿತಿಗೆ ಬಂದನು.

ಆ ಹೊತ್ತಿಗೆ ಸರಿಯಾಗಿ ಬಂದವನು ಫ್ರಾಂಸ್ವಾ ರಿಪೋ. 1797ರ ಆರಂಭದಲ್ಲಿ ಕೆಟ್ಟುಹೋದ ಹಡಗಿನೊಡನೆ ಮಂಗಳೂರು ಸೇರಿದ ಈ ಫ್ರೆಂಚ್ ಕಪ್ತಾನ, ತಾನು ಮಾರಿಷಸ್ ದ್ವೀಪದಲ್ಲಿ ದೊಡ್ಡ ಅಧಿಕಾರಿಯೆಂದೂ ಅಲ್ಲಿ ಸಾವಿರಾರು ಸೈನಿಕರು ಸುಲ್ತಾನನ ಕರೆಗಾಗಿ ಕಾದಿದ್ದಾರೆಂದೂ ಹೇಳಿಕೊಂಡನು. ಮಂತ್ರಿಗಳಿಗೆ ಅನುಮಾನ ಬಂದಿತ್ತು, ಹೇಳಿಯೂ ಇದ್ದರು. ಆದರೆ ಅರ್ಧ ರಾಜ್ಯ ಕಳೆದುಕೊಂಡವನಿಗೆ ಬೇಕಾದದ್ದನ್ನೇ ರಿಪೋ ಹೇಳುತ್ತಿದ್ದನಲ್ಲ! ಟಿಪ್ಪು ಅವನ ಹಡಗನ್ನೇ ಕೊಂಡು ಅದರಲ್ಲಿ ರಾಯಭಾರಿಗಳನ್ನು ಕಳುಹಿಸಲು ಸಿದ್ಧನಾದನು. ಹಡಗಿನ ಬೆಲೆಯೆಂದು ಕೊಟ್ಟ ಹಣವನ್ನು ಅವರಲ್ಲೇ ಒಬ್ಬ ಫ್ರೆಂಚನು ಎತ್ತಿಕೊಂಡು ಪರಾರಿಯಾದನು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ವರ್ತಕರ ವೇಷದಲ್ಲಿ ಗುಟ್ಟಾಗಿ ಹೋಗಿಬರಬೇಕಾಗಿದ್ದ ಇಬ್ಬರು ರಾಯಭಾರಿಗಳು 1798ರ ಜನವರಿಯಲ್ಲಿ ಮಾರಿಷಸ್ ತಲುಪಿದಾಗ ಗವರ್ನರ್ ಮಲಾರ್ತಿಕ್ ತೋಪು ಹಾರಿಸಿ ಸ್ವಾಗತಿಸಿದನು. ಅವನ ಬಳಿ ಕಳುಹಿಸಲು ಸೈನ್ಯವೇ ಇರಲಿಲ್ಲ. ಜನವರಿ 30ರಂದು ಅವನು ಬಹಿರಂಗ ಘೋಷಣೆ ಹೊರಡಿಸಿ, ಸ್ವಯಂಸೇವಕರು ಮುಂದೆ ಬರಬೇಕೆಂದೂ, ಮದ್ಯವೊಂದನ್ನು ಬಿಟ್ಟು ಬೇಕಾದದ್ದನ್ನೆಲ್ಲ ಸುಲ್ತಾನನು ಒದಗಿಸುವನೆಂದೂ ಸಾರಿದನು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಘೋಷಣೆಯ ಸುದ್ದಿ ಜೂನ್ ಹೊತ್ತಿಗೆ ಕಲ್ಕತ್ತೆ ಮುಟ್ಟಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ನೆಪ ಅದೇ ಆಯಿತು.

ಇದನ್ನೆಲ್ಲ ಬರೆಯುವುದಕ್ಕೆ ಒಂದು ಕಾರಣವೂ ಇದೆ. ಹೆಗ್ಗಡದೇವನಕೋಟೆ ಕಡೆ ಬೇಸಾಯ ಮಾಡುವ ಹಳೆಯ ಶಿಷ್ಯನೊಬ್ಬ ಹಂದಿಯ ಕಾಟ ತಾಳಲಾರದೆ, ಮೊಬೈಲಿನಲ್ಲಿ ಕಂಡ ಕೋವಿಯ ಜಾಹೀರಾತನ್ನು ನನಗೆ ಕಳುಹಿಸಿದ್ದ. ಅರ್ಧ ಹಣ ಮುಂಗಡ, ಉಳಿದದ್ದು ಮನೆಗೆ ಬಂದ ಮೇಲೆ. “ಸಾರ್, ಯುಪಿಐನಲ್ಲಿ ಹಾಕಲೋ, ಬ್ಯಾಂಕಿನಿಂದ ಕಳಿಸಲೋ, ಯಾವುದು ಸೇಫ್?” ಎಂದು ಕೇಳಿದ. ಯಾವುದೂ ಅಲ್ಲ, ಮಗೂ, ಎಂದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೊಳ್ಳುವವನಿಗೂ ಪರವಾನಗಿ ಬೇಕು, ಮಾರುವವನಿಗೂ ಬೇಕು. ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ, ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಹಾಕಬೇಕು. ಬೆಳೆ ರಕ್ಷಣೆಗೆಂದು ಕೇಳಲೂ ಅವಕಾಶವಿದೆ. ಪರವಾನಗಿ ಕೇಳದೆ ಕೋವಿ ಮಾರುತ್ತೇನೆನ್ನುವವನು ಕಳ್ಳಮಾಲಿನವನಾಗಿರಬೇಕು ಇಲ್ಲವೇ ಕೋವಿಯೇ ಇಲ್ಲದವನಾಗಿರಬೇಕು. ಕೋವಿ ಬಾರದಿದ್ದರೆ ಹಣ ಹೋಯಿತು, ಬಂದರೆ ಜೈಲು. ಮೋಸಹೋದವನು ಹೆದರಿ ಪೊಲೀಸರ ಬಳಿ ಹೋಗಲಾರ ಎಂಬುದೇ ಆ ಮೋಸಗಾರನ ಧೈರ್ಯ. ಈಗಾಗಲೇ ಹಣ ಕಳುಹಿಸಿದವರು ಯಾರಾದರೂ ಇದ್ದರೆ ಹೆದರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆಮಾಡಿ. ಕೊಡಗಿನ ನಮ್ಮ ನೆಂಟರು ಇದನ್ನು ಓದಿ ನಗಬಹುದು. ಅವರಿಗೆ 1861ರಿಂದ ಬಂದ ವಿನಾಯಿತಿ 2029ರ ಅಕ್ಟೋಬರ್‌ವರೆಗೂ ಮುಂದುವರಿದಿದೆ. ಆದರೆ ಅವರಿಗೂ ವಿನಾಯಿತಿ ಪತ್ರ ಬೇಕೇ ಬೇಕು.

ಮತ್ತೆ ಶ್ರೀರಂಗಪಟ್ಟಣಕ್ಕೆ ಬರೋಣ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಒಳಗಿದ್ದದ್ದನ್ನು ಎಣಿಸಿದರು. ಫಿರಂಗಿಗಳು 929. ಬಂದೂಕು ಮುಂತಾದವು ಸುಮಾರು 99 ಸಾವಿರ. ಅವುಗಳಲ್ಲಿ ಬಹಳಷ್ಟು ದೂರದಿಂದ ಕೊಂಡದ್ದಲ್ಲ, ಹುಲಿಪಟ್ಟೆಯ ಗುರುತು ಹೊತ್ತು ನಮ್ಮ ನೆಲದ ಕಮ್ಮಾರಸಾಲೆಗಳಲ್ಲೇ ಆದದ್ದು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಊರುಗಳಲ್ಲಿ ಟಿಪ್ಪು ‘ತಾರಾಮಂಡಲ ಪೇಟೆ’ಗಳನ್ನು ಕಟ್ಟಿಸಿದ್ದನು. ಅವುಗಳಲ್ಲಿ ನಗರವೆಂದರೆ ಹೊಸನಗರ ತಾಲ್ಲೂಕಿನ ಹಳೆಯ ಬಿದನೂರು. 2018ರ ಜುಲೈನಲ್ಲಿ ಅಲ್ಲಿನ ಬತ್ತಿದ ಬಾವಿಯೊಂದನ್ನು ತೆಗೆದಾಗ ಕೆಸರಿನಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ಹೊರಬಂದವು.