ಡಿಸ್ಕಿನೊಳಗಿನ ಕೀರ್ದಿ

ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ವ್ಯವಹಾರ ನಡೆದ ಕೂಡಲೇ ಕೀರ್ದಿಯಲ್ಲಿ ಬರೆಯುವುದು, ಬಿಡುವಾದಾಗ ಅದನ್ನು ಆಯಾ ಹೆಸರಿನ ಖಾತೆಗೆ ಏರಿಸುವುದು. ಖಾತೆ ಬರೆಯುತ್ತಿರುವಾಗ ದೀಪ ಆರಿದರೂ ಲೆಕ್ಕ ಕೆಡುತ್ತಿರಲಿಲ್ಲ. ಕೀರ್ದಿ ನೋಡಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರಿನ ಡಿಸ್ಕಿಗೆ ಈ ಬುದ್ಧಿ ತಡವಾಗಿ ಬಂತು.

ಹೊಸ ಫೈಲ್ ಉಳಿಸುವುದು ನಮ್ಮ ಕಣ್ಣಿಗೆ ಒಂದೇ ಕೆಲಸ. ಒಳಗೆ ಹಲವು ಕಡೆ ಬರೆಯಬೇಕು: ಫೋಲ್ಡರಿನಲ್ಲಿ ಹೆಸರು, ಫೈಲಿನ ವಿವರ, ಯಾವ ಜಾಗ ಭರ್ತಿಯಾಗಿದೆ ಎಂಬ ನಕ್ಷೆ. ನಡುವೆ ಕರೆಂಟ್ ಹೋದರೆ ಇವುಗಳಿಗೆ ತಾಳೆಯಾಗದು. ಇಬ್ಬರಿಗೆ ಮಾರಿದ ಸೈಟಿನಂತೆ ಒಂದೇ ಜಾಗ ಎರಡು ಫೈಲುಗಳ ಪಾಲಾಗಬಹುದು. ಯೂನಿಕ್ಸ್‌ನಲ್ಲಿ ಇದನ್ನು ಸರಿಪಡಿಸಲು ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಂ ಇತ್ತು. ತಪ್ಪು ಎಲ್ಲಿದೆಯೆಂದು ತಿಳಿಯದ ಅದು ಇಡೀ ಡಿಸ್ಕನ್ನೇ ಜಾಲಾಡಬೇಕಿತ್ತು. ಡಿಸ್ಕುಗಳು ದೊಡ್ಡವಾದಂತೆ ಈ ತಪಾಸಣೆಗೆ ಗಂಟೆಗಟ್ಟಲೆ ಹಿಡಿಯತೊಡಗಿತು.

ಮದ್ದು ಡೇಟಾಬೇಸ್ ಲೋಕದಲ್ಲಿ ಆಗಲೇ ಸಿದ್ಧವಿತ್ತು. 1970ರ ದಶಕದಲ್ಲಿ ಐಬಿಎಂನ ಸಿಸ್ಟಮ್ ಆರ್ ಯೋಜನೆಯಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ಬದಲಾವಣೆಗಳನ್ನು ಮೊದಲು ಲಾಗ್‌ನಲ್ಲಿ ಬರೆದಿಡುವ ಪದ್ಧತಿಯನ್ನು ಬೆಳೆಸಿದ್ದರು. 1987ರಲ್ಲಿ ಜೆರಾಕ್ಸ್ ಪಾರ್ಕ್‌ನ ರಾಬರ್ಟ್ ಹ್ಯಾಗ್‌ಮನ್ ಅದನ್ನು ಸೀಡರ್ ಫೈಲ್‌ಸಿಸ್ಟಮ್‌ಗೆ ತಂದರು. ಲಿನಕ್ಸ್‌ಗೆ ತರುವ ವಿನ್ಯಾಸವನ್ನು ಸ್ಟೀಫನ್ ಟ್ವೀಡಿ 1998ರಲ್ಲಿ ಮಂಡಿಸಿದರು. ಅದೇ ಇಎಕ್ಸ್‌ಟಿ3 ಆಗಿ 2001ರ ನವೆಂಬರಿನಲ್ಲಿ ಕರ್ನಲ್ ಸೇರಿತು. ಕರೆಂಟ್ ಮರಳಿದಾಗ ಅದು ಜರ್ನಲ್ ಮಾತ್ರ ಓದುತ್ತದೆ: ಮುಗಿದ ಗುರುತಿರುವ ನಮೂದುಗಳನ್ನು ಜಾರಿಮಾಡಿ, ಅರ್ಧಕ್ಕೆ ನಿಂತವನ್ನು ಬಿಟ್ಟುಬಿಡುತ್ತದೆ. ಗಂಟೆಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು.

ಆದರೆ ಸಾಮಾನ್ಯ ಬಳಕೆಯಲ್ಲಿ ಈ ಜರ್ನಲ್‌ಗೆ ಸೇರುತ್ತಿದ್ದುದು ಫೈಲ್‌ಸಿಸ್ಟಮ್‌ನ ಲೆಕ್ಕಪತ್ರ ಮಾತ್ರ, ಫೈಲಿನೊಳಗಿನ ಮಾಹಿತಿಯಲ್ಲ. ಇಎಕ್ಸ್‌ಟಿ3 ಮಾತ್ರ ಮಾಹಿತಿಯನ್ನು ಮೊದಲು ಡಿಸ್ಕಿಗೆ ಇಳಿಸಿ, ಅನಂತರ ಲೆಕ್ಕ ಬರೆಯುತ್ತಿತ್ತು. ಜನ ಅದನ್ನೇ ಖಾತರಿಯೆಂದು ನಂಬಿದರು. ನಿಜವಾದ ಖಾತರಿ ಬೇಕಿದ್ದರೆ ಅಪ್ಲಿಕೇಶನ್ ‘ಎಫ್‌ಸಿಂಕ್’ ಕರೆಯಬೇಕಿತ್ತು. ಇಎಕ್ಸ್‌ಟಿ3ಯಲ್ಲಿ ಆ ಕರೆ ತೀರಾ ನಿಧಾನವಾಗಿದ್ದರಿಂದ ಹಲವರು ಅದನ್ನು ಕೈಬಿಟ್ಟಿದ್ದರು.

ಇಎಕ್ಸ್‌ಟಿ4 ಬಂದಾಗ ಈ ನಂಬಿಕೆಗೆ ಪೆಟ್ಟು ಬಿತ್ತು. ವೇಗಕ್ಕಾಗಿ ಅದು ಮಾಹಿತಿಗೆ ಜಾಗ ಹಂಚುವುದನ್ನೇ ಮುಂದೂಡುತ್ತಿತ್ತು. ಹಳೆಯ ಫೈಲಿನ ಹೆಸರನ್ನು ಹೊಸದಕ್ಕೆ ಕೊಟ್ಟ ಬದಲಾವಣೆ ಜರ್ನಲ್ ಸೇರಿರುತ್ತಿತ್ತು, ಹೊಸದರ ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರುತ್ತಿತ್ತು. ಆ ಹೊತ್ತಿಗೆ ಕಂಪ್ಯೂಟರ್ ಆರಿದರೆ ಹೆಸರು ಉಳಿದು, ಫೈಲ್ ಖಾಲಿ. 2009ರ ಆರಂಭದಲ್ಲಿ ಹೀಗೆ ಸೆಟ್ಟಿಂಗ್ ಕಳೆದುಕೊಂಡ ಬಳಕೆದಾರರು ದೂರಿದರು. ಪೋಸಿಕ್ಸ್ ನಿಯಮ ಇಂಥ ಖಾತರಿ ಕೊಟ್ಟೇ ಇಲ್ಲ ಎಂದು ಅದರ ಪ್ರಮುಖ ಡೆವಲಪರ್ ಥಿಯೊಡೋರ್ ತ್ಸೊ ವಾದಿಸಿದರು. ನಿಯಮದ ಪ್ರಕಾರ ಅವರ ಮಾತು ಸರಿಯಿತ್ತು. ಆದರೂ ಹೆಸರು ಬದಲಿಸುವಾಗ ಮಾಹಿತಿಯೂ ಡಿಸ್ಕಿಗೆ ಇಳಿಯುವಂತೆ ತಿದ್ದುಪಡಿ ಬರೆದವರೂ ಅವರೇ; ಅದು ಕರ್ನಲ್ 2.6.30ರಲ್ಲಿ ಸೇರಿತು. ಬರೆಯದ ಕರಾರನ್ನೂ, ಜನ ನಂಬಿದ್ದರೆಂಬ ಕಾರಣಕ್ಕೆ, ಉಳಿಸಿಕೊಳ್ಳಬೇಕಾಯಿತು.